ಒಗ್ಗರಣೆ ಇಲ್ಲದ ಸನ್ಮಾನ

ಆಂಟಾಪ್ ಹಿಲ್‌ನ ಆ ಗಲ್ಲಿಯಲ್ಲಿ ಅಂಗಡಿಗಳು ಮುಚ್ಚುವುದರಲ್ಲಿಯೂ ಒಂದು ಶಿಸ್ತಿತ್ತು. ಮೊದಲು ಝೆರಾಕ್ಸ್‌ನವನು ಶಟರ್ ಎಳೆದ. ಅವನದ್ದನ್ನೇ ಝೆರಾಕ್ಸ್ ತೆಗೆದ ಹಾಗೆ ಪಕ್ಕದ ಕೇಕ್ ಅಂಗಡಿಯವನು ಎಳೆದ. ಆಮೇಲೆ ಮೊಬೈಲ್ ರಿಪೇರಿ, ಆಮೇಲೆ ಸೀರೆ ಅಂಗಡಿ. ಮೂವತ್ತು ದಿನದಲ್ಲಿ ತೂಕ ಇಳಿಸುತ್ತೇವೆಂದು ಬೋರ್ಡು ಹಾಕಿಕೊಂಡಿದ್ದ ಜಿಮ್ಮು ಕೊನೆಗೆ ಇಳಿಸಿದ್ದು ಶಟರನ್ನು ಮಾತ್ರ. ಮುಂಬಯಿಯಲ್ಲಿ ವ್ಯಾಪಾರ ಬಿದ್ದರೆ ‘ಮಂದಿ’ ಬಂತು ಅನ್ನುತ್ತಾರೆ. ಹಿಂದಿಯ ಆ ಮಂದಿ ಬಂದದ್ದೇ ತಡ, ಕನ್ನಡದ ಮಂದಿ ಬರುವುದು ನಿಂತುಹೋಯಿತು.

ಉಳಿದದ್ದು ಮೋನಪ್ಪನ ‘ಹೋಟೆಲ್ ಸಂತೃಪ್ತಿ’ ಒಂದೇ. ಕಾಪುವಿನಿಂದ ಬಂದ ಮೋನಪ್ಪ ಮೂವತ್ತನಾಲ್ಕು ವರ್ಷಗಳ ಹಿಂದೆ ತೆರೆದ ಹೋಟೆಲು. ಮೊದಲೆಲ್ಲ ಒಂದು ಟೇಬಲ್ಲಿಗೆ ನಾಲ್ಕು ಗಿರಾಕಿ. ಈಗ ಒಬ್ಬ ಗಿರಾಕಿಗೆ ನಾಲ್ಕು ಟೇಬಲ್ಲು. ಆದರೂ ಬಾಗಿಲು ಹಾಕುವ ಯೋಚನೆ ಅವನ ಹತ್ತಿರ ಸುಳಿದಿರಲಿಲ್ಲ. ಗಲ್ಲಾದ ಹಿಂದಿನ ಆ ಕುರ್ಚಿಯಲ್ಲಿ ಕೂತು ಕೂತು ಕುರ್ಚಿಗೆ ಅವನ ಆಕಾರ ಬಂದಿತ್ತು, ಅವನಿಗೆ ಕುರ್ಚಿಯ ಆಕಾರ ಬಂದಿತ್ತು. ಎದ್ದು ಹೋದರೆ ಇಬ್ಬರಿಗೂ ಬೇರೆ ಕಡೆ ಕೆಲಸ ಸಿಗುವ ಹಾಗಿರಲಿಲ್ಲ.

ಹೀಗಿರುವಾಗ ಮಂಗಳವಾರ ಬೆಳಿಗ್ಗೆ ಹೋಟೆಲಿನ ಗ್ರೈಂಡರ್ ಕೆಟ್ಟಿತು. ಹಿಟ್ಟು ರುಬ್ಬುವ ಕಲ್ಲು ಎರಡು ಸುತ್ತು ತಿರುಗಿ, ಮೂರನೆಯದಕ್ಕೆ ಯೋಚಿಸುತ್ತ ನಿಂತುಬಿಟ್ಟಿತು. ಹಳೆಯ ವೇಟರ್ ಸೀನ ಅದನ್ನು ಟೆಂಪೋಗೆ ಹಾಕಿಕೊಂಡು ಕುರ್ಲಾದ ಅನಿಲನ ರಿಪೇರಿ ಅಂಗಡಿಗೆ ಕೊಟ್ಟು ಬಂದ. ಸೀನನಿಗೆ ವಯಸ್ಸು ಐವತ್ತೆರಡು, ಸ್ವರ ನೂರೆಂಟು. ಲೋಕಲ್ ಟ್ರೈನಿನ ಅನೌನ್ಸ್‌ಮೆಂಟಿನಿಂದ ಹಿಡಿದು ಗಿರಾಕಿಗಳ ಕೆಮ್ಮಿನವರೆಗೆ ಅವನು ಅನುಕರಿಸದ ಸದ್ದಿಲ್ಲ. ಬುಧವಾರ ಗ್ರೈಂಡರ್ ತರಲು ಹೋದವನು ಬರಿಗೈಯಲ್ಲಿ ಬಂದ.

“ಎಂತ ಆಯ್ತು?” ಎಂದ ಮೋನಪ್ಪ.

“ಅನಿಲನ ಅಂಗಡಿ ಬಂದ್ ಧಣಿ. ಬೀಗ ಹಾಕಿ ಹೋಗಿದ್ದಾನೆ. ಫೋನು ಕೂಡ ಬಂದ್.”

“ನಮ್ಮ ಗ್ರೈಂಡರ್?”

“ಒಳಗೆ. ಶಟರಿನ ತೂತಲ್ಲಿ ನೋಡಿದೆ. ನಮ್ಮನ್ನೇ ನೋಡ್ತಾ ಉಂಟು.”

ಅಂದರೆ, ಅಲ್ಲಿ ಅಂಗಡಿ ಮುಚ್ಚಿದ್ದರಿಂದ ಗ್ರೈಂಡರ್ ಒಳಗುಳಿಯಿತು. ಗ್ರೈಂಡರ್ ಒಳಗುಳಿದದ್ದರಿಂದ ಇಲ್ಲಿ ಅಂಗಡಿ ಮುಚ್ಚಬೇಕಾಯಿತು. ಇಡ್ಲಿ ದೋಸೆ ಇಲ್ಲದ ಉಡುಪಿ ಹೋಟೆಲು ತೆರೆದಿಟ್ಟರೆ ಜನ ನೀರು ಕುಡಿದು ಫ್ಯಾನಿನ ಗಾಳಿ ತಿಂದು ಹೋಗುತ್ತಾರೆ. “ನಾಲ್ಕು ದಿನ ಬಂದ್ ಅಂತ ಬರೆದು ಹಾಕು ಮಾರಾಯ,” ಎಂದು ಮೋನಪ್ಪ ಮನೆಗೆ ಹೋದ.

ಸೀನನ ಅಕ್ಷರ ದುಂಡಗೆ. ದಿನಾ ‘ಆಜ್ ಕಾ ಸ್ಪೆಷಲ್’ ಬರೆಯುವ ಕಪ್ಪು ಹಲಗೆಯ ಮೇಲೆ ‘ಹೋಟೆಲ್ ಬಂದ್ ಆಹೇ’ ಎಂದು ಮರಾಠಿಯಲ್ಲಿ ಬರೆದು ಹಿಂದೆ ಸರಿದು ನೋಡಿದ. ಬೋಳು ಬೋಳಾಗಿ ಕಂಡಿತು. ಮೂವತ್ತನಾಲ್ಕು ವರ್ಷ ಬಂದ ಗಿರಾಕಿಗಳಿಗೆ ಒಂದು ಒಳ್ಳೆಯ ಮಾತಾದರೂ ಬೇಡವೇ? ಎದುರಿನ ಸೀರೆ ಅಂಗಡಿಯ ಶಟರಿನ ಮೇಲೆ ಅವರು ಹೋಗುವಾಗ ಅಂಟಿಸಿದ್ದ ಕಾಗದವಿತ್ತು. ಸೀನ ರಸ್ತೆ ದಾಟಿ ಹೋಗಿ ಅದನ್ನು ಓದಿಕೊಂಡು ಬಂದು, ವರ್ಷದ ಲೆಕ್ಕವೊಂದನ್ನು ಬದಲಿಸಿ, ಕೆಳಗೆ ಇಳಿಸಿದ: ‘ಮೂವತ್ತನಾಲ್ಕು ವರ್ಷಗಳ ನಿಮ್ಮ ಪ್ರೀತಿಗೆ, ಸಹಕಾರಕ್ಕೆ ನಾವು ಸದಾ ಋಣಿ.’ ಹಲಗೆ ತುಂಬಿತು. ‘ನಾಲ್ಕು ದಿನ’ ಎನ್ನುವುದಕ್ಕೆ ಜಾಗ ಉಳಿಯಲಿಲ್ಲ. ಉಳಿದರೂ ಅದು ಅಲ್ಲಿ ಚೆನ್ನಾಗಿ ಕಾಣುತ್ತಿರಲಿಲ್ಲ ಎಂದು ಸೀನ ಆಮೇಲೆ ಸಮರ್ಥಿಸಿಕೊಂಡ.

ಬಂದ್ ಎಂದು ಬರೆದ ಮೇಲೆ ಬಂದವರೇ ಹೆಚ್ಚು. ಹತ್ತು ವರ್ಷದಿಂದ ಈ ಕಡೆ ತಲೆ ಹಾಕದವರೂ ಬಂದು ಹಲಗೆಯ ಮುಂದೆ ನಿಂತು, ಇಲ್ಲಿಯ ಸಾಂಬಾರು ಎಂದರೆ ಸಾಂಬಾರು ಎಂದು ನಿಟ್ಟುಸಿರು ಬಿಟ್ಟರು. ಹೋಟೆಲಿನ ಮೆಟ್ಟಿಲ ಬದಿಯಲ್ಲಿ ಹೂ ಮಾರುವ ಗಂಗುಬಾಯಿ, ದಿನಾ ಅರ್ಧ ಚಹಾ ಕುಡಿದ ಪ್ರೀತಿಗೆ, ಒಂದು ಮೊಳ ಚೆಂಡುಹೂವನ್ನು ಹಲಗೆಗೆ ಹಾಕಿದಳು. ಅಂಧೇರಿಯ ಆಫೀಸಿನಿಂದ ಮಗಳು ಯಕ್ಷಿತಾ ಫೋನು ಮಾಡಿದಳು.

“ಪಪ್ಪ, ಮ್ಯಾಪ್‌ನಲ್ಲಿ ನಮ್ದು ಹೋಟೆಲ್ ಪರ್ಮನೆಂಟ್ಲಿ ಕ್ಲೋಸ್ಡ್ ದಿಖಾ ರಹಾ ಹೈ. ರಿವ್ಯೂ ಭಿ ಬಂದಿದೆ, ಅರವತ್ತು. ಸಬ್ ಲೋಗ್ ರೋ ರಹೇ ಹೈ.”

“ಅಳುವವರು ತಿನ್ಲಿಕ್ಕೆ ಯಾಕೆ ಬರ್ಲಿಲ್ಲ ಅಂತ ಕೇಳು,” ಎಂದ ಮೋನಪ್ಪ. ಹಲಗೆ ಒರೆಸಲು ಒದ್ದೆ ಬಟ್ಟೆ ಹಿಡಿದುಕೊಂಡೇ ಗಲ್ಲಿಗೆ ಬಂದ.

ಅಲ್ಲಿ ಹಲಗೆಯ ಮುಂದೆ ತಲೆ ತಗ್ಗಿಸಿ ನಿಂತಿದ್ದರು ಬಸವಂತರಾಯರು.

ಬಸವಂತರಾಯರು ವಿಜಾಪುರದ ಕಡೆಯವರು, ಬಂದರಿನ ಆಫೀಸಿನಿಂದ ನಿವೃತ್ತರಾದವರು, ‘ಗುಡ್ಡದಡಿ ಕನ್ನಡ ಬಳಗ’ದ ಅಧ್ಯಕ್ಷರು. ಸನ್ಮಾನ ಮಾಡದಿದ್ದರೆ ಅವರಿಗೆ ಅನ್ನ ಕರಗುತ್ತಿರಲಿಲ್ಲ. ಹತ್ತನೆಯ ತರಗತಿ ಪಾಸಾದವರಿಗೆ, ಕಾಶಿಗೆ ಹೋಗಿ ಬಂದವರಿಗೆ, ಮೊಣಕಾಲು ಆಪರೇಷನ್ ಆಗಿ ಮತ್ತೆ ನಡೆದವರಿಗೆ, ಎಲ್ಲರಿಗೂ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಆ ಎಲ್ಲ ಸಭೆಗಳಿಗೂ ಮೂವತ್ತು ವರ್ಷದಿಂದ ಉಪ್ಪಿಟ್ಟು ಮಾಡಿದವನು ಮೋನಪ್ಪ. ಶಾಲೆಯ ಸಭಾಂಗಣದ ಪರದೆಯ ಹಿಂದೆ, ಕೈಯಲ್ಲಿ ಸೌಟು ಹಿಡಿದು, ಅವನು ಇನ್ನೂರಕ್ಕೂ ಹೆಚ್ಚು ಶಾಲುಗಳನ್ನು ಬೇರೆಯವರ ಹೆಗಲ ಮೇಲೆ ನೋಡಿದ್ದ. ಒಂದು ಸಲ ಮೈಕು ಬಾಡಿಗೆಗೆ ಕೊಟ್ಟವನಿಗೂ ಶಾಲು ಸಿಕ್ಕಿತ್ತು. ಉಪ್ಪಿಟ್ಟಿಗೆ ಸಿಕ್ಕಿರಲಿಲ್ಲ. ಮೋನಪ್ಪ ಈ ಮಾತನ್ನು ಯಾರ ಹತ್ತಿರವೂ ಆಡಿರಲಿಲ್ಲ. ಹೆಂಡತಿ ವಿನೋದಿನಿಯ ಹತ್ತಿರ ಮಾತ್ರ, ಅದೂ ವರ್ಷಕ್ಕೆ ಆರೇಳು ಸಲ.

“ಏನ್ರೀ ಮೋನಪ್ಪನವ್ರ, ಒಂದು ಮಾತ ಹೇಳದ ಮುಚ್ಚಿಬಿಟ್ರಿ?” ಬಸವಂತರಾಯರು ಹಲಗೆಯ ಚೆಂಡುಹೂವನ್ನು ಸರಿಪಡಿಸಿದರು. “ನೀವು ಬಾಯಿ ಬಿಡಬ್ಯಾಡ್ರಿ. ನಿಮ್ಮ ಸಂಕಟ ನನಗ ತಿಳೀತದ. ಇದೇ ಐತ್ವಾರ ಮುಂಜಾನೆ, ಸಾಲಿ ಹಾಲಿನ್ಯಾಗ, ನಿಮಗೊಂದು ಬೀಳ್ಕೊಡುಗಿ ಸನ್ಮಾನ ಇಟ್ಟೀವಿ.”

ಮೋನಪ್ಪ ಬಾಯಿ ತೆರೆದ. ‘ಇಲ್ಲ ಮಾರಾಯ್ರೇ, ಇದು ನಾಲ್ಕೇ ದಿನ, ಗ್ರೈಂಡರು’ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು.

“ಶಾಲು ದಾದರದಿಂದ ತರಸ್ತೀನ್ರಿ. ಜರತಾರಿ ಅಂಚು,” ಎಂದರು ಬಸವಂತರಾಯರು.

ಮೋನಪ್ಪ ಬಾಯಿ ಮುಚ್ಚಿದ. ಒದ್ದೆ ಬಟ್ಟೆಯಿಂದ ಕಣ್ಣೊರೆಸಿಕೊಂಡ.

ಮನೆಯಲ್ಲಿ ವಿನೋದಿನಿ ಸುದ್ದಿ ಕೇಳಿ, ಬೀನ್ಸ್ ಕತ್ತರಿಸುತ್ತಿದ್ದ ಚೂರಿಯನ್ನು ನಿಧಾನವಾಗಿ ಕೆಳಗಿಟ್ಟಳು.

“ಶಾಲು ಹೊದ್ದುಕೊಂಡ ಮೇಲೆ ಸೋಮವಾರ ಶಟರ್ ಎತ್ತಲಿಕ್ಕೆ ಉಂಟಾ?”

“ಎತ್ತಿದ್ರೆ ಎಂತ ಆಗ್ತದೆ?”

“ಎಂತ ಆಗ್ತದೆ? ಶಾಲಿನ ಆಸೆಗೆ ಹೋಟೆಲು ಸತ್ತಿದೆ ಅಂತ ಸುಳ್ಳು ಹೇಳಿದ ಮೋನಪ್ಪ ಅಂತ ಭಾಂಡೂಪಿನವರೆಗೆ ಹೇಳ್ತಾರೆ. ನೀವು ಒಂದು ತೀರ್ಮಾನ ಮಾಡಿ. ಹೆಗಲಿಗೆ ಶಾಲು ಬೇಕಾ, ಕೂತ್ಕೊಳ್ಳಿಕ್ಕೆ ಗಲ್ಲಾ ಬೇಕಾ?”

“ಎರಡೂ ಬೇಕು ಅಂದ್ರೆ?”

“ಎರಡೂ ಸಿಗುವುದಾದರೆ ನಾನು ನಿಮ್ಮನ್ನು ಯಾಕೆ ಮದುವೆ ಆಗ್ತಿದ್ದೆ?”

ಮೋನಪ್ಪ ಆ ತರ್ಕವನ್ನು ಬಿಡಿಸಲು ಹೋಗಲಿಲ್ಲ. ಹೇಗೂ ಗ್ರೈಂಡರ್ ಬಂದಿಲ್ಲ, ಬಾರದ ಗ್ರೈಂಡರಿಗೆ ಹೋಟೆಲು ಬಂದ್ ಇರುವುದು ಸುಳ್ಳಲ್ಲ, ಇಲ್ಲದ ಸುಳ್ಳಿಗೆ ಪಾಪವಿಲ್ಲ ಎಂದು ತನ್ನನ್ನೇ ಒಪ್ಪಿಸಿಕೊಂಡು ಶುಕ್ರವಾರ ಕಳೆದ.

ಶನಿವಾರ ಮಧ್ಯಾಹ್ನ ಮನೆಯ ಕೆಳಗೆ ಟೆಂಪೋ ನಿಂತಿತು. “ಪುಢೀಲ್ ಸ್ಟೇಶನ್, ಸಂತೃಪ್ತಿ,” ಎಂದು ಮುಂದಿನ ನಿಲ್ದಾಣ ಸಾರುವ ಲೋಕಲ್ ಟ್ರೈನಿನ ಹೆಣ್ಣುದನಿ ಕೇಳಿಸಿತು. ಸೀನ ಗ್ರೈಂಡರನ್ನು ತಬ್ಬಿಕೊಂಡು ಕೂತಿದ್ದ.

“ಅನಿಲ ಸಿಕ್ಕಿದ ಧಣಿ. ಅವನದ್ದೇ ಮುಚ್ಚಿದ ಅಂಗಡಿಯ ಮೆಟ್ಟಿಲಲ್ಲಿ ಈಗ ಮೋಮೋ ಮಾರ್ತಾ ಇದ್ದಾನೆ. ರಿಪೇರಿಗಿಂತ ಸುಲಭವಂತೆ, ಮೋಮೋ ತಿರುಗಿ ಬರುವುದಿಲ್ಲವಂತೆ. ಬೀಗ ತೆಗೆದು ಹತ್ತು ನಿಮಿಷದಲ್ಲಿ ಸರಿ ಮಾಡಿ ಕೊಟ್ಟ. ಈಗಲೇ ಅಕ್ಕಿ ನೆನೆಸಿದ್ರೆ ನಾಳೆ ಬೆಳಿಗ್ಗೆ ದೋಸೆ ಬಿಡಬಹುದು.”

ಮೋನಪ್ಪ ಗ್ರೈಂಡರನ್ನು ನೋಡಿದ. ಗ್ರೈಂಡರು ಮೋನಪ್ಪನನ್ನು ನೋಡಿತು.

“ನಾಳೆ ಬೇಡ,” ಎಂದ ಮೋನಪ್ಪ. “ಇದರ ಮೇಲೊಂದು ಬಟ್ಟೆ ಮುಚ್ಚು.”

ಭಾನುವಾರ ಬೆಳಿಗ್ಗೆ ಶಾಲೆಯ ಹಾಲ್ ತುಂಬಿತ್ತು. ಮೋನಪ್ಪನನ್ನು ವೇದಿಕೆಯ ನಡುಕುರ್ಚಿಯಲ್ಲಿ ಕೂರಿಸಿ ಜರತಾರಿ ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು, ಪೇಟ ಇಟ್ಟರು. ಪೇಟ ಯಾರದ್ದೋ ದೊಡ್ಡ ತಲೆಗೆ ಹೊಲಿದದ್ದು. ಮೂಗಿನವರೆಗೆ ಇಳಿದು ಅಲ್ಲಿ ನಿಂತಿತು. ಮೂವತ್ತು ವರ್ಷ ಪರದೆಯ ಹಿಂದಿನಿಂದ ವೇದಿಕೆಯ ಬೆನ್ನನ್ನೇ ನೋಡಿದ್ದವನಿಗೆ ವೇದಿಕೆಯ ಎದುರು ಹೇಗಿರುತ್ತದೆ ಎಂದು ಗೊತ್ತಾಗುವ ದಿನ ಪೇಟ ಅಡ್ಡ ಬಂತು. ಆದರೂ ಶಾಲು ಬೆಚ್ಚಗಿತ್ತು. ಬಸವಂತರಾಯರು ಕೈ ಮೇಲೆತ್ತಿ, “ಉಪ್ಪಿಟ್ಟವರನ್ನ ಮುಪ್ಪಿನ ತನಕ ನೆನೀಬೇಕಂತ ಹಿರ್ಯಾರು ಹೇಳ್ಯಾರ. ಈ ಮನುಷ್ಯಾ ನಮಗ ಬರೇ ಉಪ್ಪಿಟ್ಟಿಲ್ಲ, ಉಪ್ಪಿಟ್ಟು ಇಟ್ಟಾನ,” ಎಂದಾಗ ಚಪ್ಪಾಳೆ ಬಿತ್ತು. ಎದುರು ಸಾಲಿನಲ್ಲಿ ವಿನೋದಿನಿ ಮಾತ್ರ ಕೈ ಕಟ್ಟಿಕೊಂಡು ಕೂತಿದ್ದಳು.

ಆಮೇಲೆ ಮುಖ್ಯ ಅತಿಥಿಗಳು ಎದ್ದರು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದ ಅವರು ಆರ್ಥಿಕ ಮಂದಗತಿಯ ಬಗ್ಗೆ ಮಂದಗತಿಯಲ್ಲಿ ಮಾತಾಡತೊಡಗಿದರು.

ಇಲ್ಲಿ ಬಳಗದ ಒಂದು ಪದ್ಧತಿಯನ್ನು ಹೇಳಲೇಬೇಕು. ಬಳಗದ ಸಭೆಗಳಲ್ಲಿ ಗಂಟೆ ಹೊಡೆಯುವ, ಚೀಟಿ ಕೊಡುವ ರೂಢಿ ಇರಲಿಲ್ಲ. ಪರದೆಯ ಹಿಂದಿನ ಅಡುಗೆಕೋಣೆಯಲ್ಲಿ ಮೋನಪ್ಪ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದ. ಸಾಸಿವೆ ಚಟಪಟ ಎಂದು, ಕರಿಬೇವು ಚುರ್ರೆಂದು, ತುಪ್ಪದ ಪರಿಮಳ ಹಾಲಿಗೆ ನುಗ್ಗಿದ ಕೂಡಲೇ ಎಂಥ ಭಾಷಣಕಾರನೂ ‘ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ’ ಎನ್ನುತ್ತಿದ್ದ. ಬಸವಂತರಾಯರು ವೇದಿಕೆಯಿಂದ ಮೂಗು ಮುಟ್ಟಿಕೊಂಡರೆ ಮೋನಪ್ಪ ಸಾಸಿವೆ ಹಾಕುವುದು, ಇದು ಅವರಿಬ್ಬರ ನಡುವಿನ ಒಪ್ಪಂದ. ಮೂವತ್ತು ವರ್ಷ ಹೀಗೆ ಸಭೆಗಳು ನಡೆದಿದ್ದವು.

ಇಂದು ಒಗ್ಗರಣೆ ಹಾಕುವವನು ವೇದಿಕೆಯ ಮೇಲಿದ್ದ. ಸಮೋಸ ತರುತ್ತೇನೆಂದಿದ್ದ ಕೇಟರಿಂಗ್‌ನವನು ಫೋನು ಎತ್ತುತ್ತಿರಲಿಲ್ಲ. ಅವನ ಅಂಗಡಿಯೂ ಮೊನ್ನೆ ಮುಚ್ಚಿತೆಂದು ಆಮೇಲೆ ತಿಳಿಯಿತು.

ಅತಿಥಿಗಳು ಮಂದಗತಿಯ ಮೂಲವನ್ನು ಹುಡುಕುತ್ತ ಕ್ರಿಸ್ತಪೂರ್ವಕ್ಕೆ ಹೋದರು. ಬಸವಂತರಾಯರು ಮೂಗು ಮುಟ್ಟಿಕೊಂಡರು. ಏನೂ ಆಗಲಿಲ್ಲ. ಇಪ್ಪತ್ತೈದು ನಿಮಿಷವಾಯಿತು. ಬಸವಂತರಾಯರು ಮೂಗನ್ನು ಹಿಂಡಿಕೊಂಡರು. ಅತಿಥಿಗಳು ಈಜಿಪ್ಟಿನ ಗೋಧಿಯ ಧಾರಣೆಗೆ ಬಂದರು. ಹಿಂದಿನ ಸಾಲುಗಳಲ್ಲಿ ಜನ ಗಾಳಿಯನ್ನು ಮೂಸಿ ನೋಡಿ, ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಬ್ಬೊಬ್ಬರೇ ಚಪ್ಪಲಿ ಹುಡುಕತೊಡಗಿದರು.

ಪರದೆಯ ಹಿಂದೆ ನಿಂತಿದ್ದ ಸೀನನಿಗೆ ತಡೆಯಲಾಗಲಿಲ್ಲ. ಬಾಯಿಯಿಂದಲೇ ಸಾಸಿವೆ ಸಿಡಿಸಿದ: “ಚಟ್, ಚಟಪಟ, ಚಟ್, ಚುರ್ರ್ರ್ರ್.” ಅಚ್ಚು ಸಾಸಿವೆ. ಅತಿಥಿಗಳು ಗಕ್ಕನೆ ನಿಂತರು. ಹಾಲೆಲ್ಲ ನಿಂತಿತು. ಅತಿಥಿಗಳು ಮೂಗರಳಿಸಿ ಒಮ್ಮೆ ಉಸಿರು ಎಳೆದುಕೊಂಡರು. ಪರಿಮಳ ಇರಲಿಲ್ಲ.

“ಇನ್ನು ರೋಮ್ ಸಾಮ್ರಾಜ್ಯವನ್ನು ನೋಡೋಣ,” ಎಂದರು.

ಪೇಟದ ಕೆಳಗಿನ ಕತ್ತಲೆಯಲ್ಲಿ ಮೋನಪ್ಪನಿಗೆ ಕುರ್ಚಿಗಳು ಸರಿಯುವ ಸದ್ದು ಕೇಳಿಸುತ್ತಿತ್ತು. ತನ್ನ ಸನ್ಮಾನದಿಂದ ಜನ ಹಸಿದು ಎದ್ದು ಹೋಗುತ್ತಿದ್ದಾರೆ. ಮೂವತ್ತನಾಲ್ಕು ವರ್ಷದಲ್ಲಿ ತನ್ನ ಎದುರಿನಿಂದ ಹಸಿದು ಎದ್ದವರು ಯಾರೂ ಇಲ್ಲ. ಕಿಸೆ ಮರೆತು ಬಂದವನೂ ತಿಂದೇ ಎದ್ದಿದ್ದಾನೆ. ಬೆಚ್ಚಗಿದ್ದ ಶಾಲು ಈಗ ಕುತ್ತಿಗೆಗೆ ಚುಚ್ಚತೊಡಗಿತು. ಅವನು ಪೇಟವನ್ನು ಹಣೆಗೆ ಎತ್ತಿಕೊಂಡ. ಎದುರು ಸಾಲಿನಿಂದ ವಿನೋದಿನಿ ಅವನನ್ನೇ ನೋಡುತ್ತಿದ್ದಳು. ಕೈ ಬಿಚ್ಚಿ, ಸೆರಗಿನ ಗಂಟಿನಿಂದ ಹೋಟೆಲಿನ ಬೀಗದ ಕೈ ತೆಗೆದು ತೋರಿಸಿದಳು.

ಮೋನಪ್ಪ ಎದ್ದ. ಲಘುಶಂಕೆಗಿರಬೇಕು ಎಂದುಕೊಂಡು ಅತಿಥಿಗಳು ದಾರಿ ಬಿಟ್ಟರು.

ಹೋಟೆಲು ಶಾಲೆಯಿಂದ ಎರಡು ನಿಮಿಷದ ಹಾದಿ. ಶಾಲು ಹೊದ್ದು, ಹಾರ ಹಾಕಿ, ಪೇಟ ಇಟ್ಟುಕೊಂಡವನೊಬ್ಬ ಗಲ್ಲಿಯಲ್ಲಿ ಓಡಿಬಂದು ಮುಚ್ಚಿದ ಹೋಟೆಲಿನ ಶಟರ್ ಎತ್ತುವುದನ್ನು ಗಂಗುಬಾಯಿ ನೋಡಿದಳು. “ಯಪ್ಪಾ, ಲಗ್ನಾನೋ ಕಳುವೋ?” ಎಂದಳು. ರವೆ, ತುಪ್ಪ, ಗೋಡಂಬಿ, ಈರುಳ್ಳಿ ಹೊತ್ತುಕೊಂಡು ಸೀನ ಮುಂದೆ, ಕರಿಬೇವಿನ ಕಟ್ಟು ಹಿಡಿದು ವಿನೋದಿನಿ ಹಿಂದೆ, ನಡುವೆ ದೊಡ್ಡ ಬಾಣಲೆ ಹೊತ್ತ ಸನ್ಮಾನಿತರು.

ಹಾಲಿನಲ್ಲಿ ಅತಿಥಿಗಳು ಮೊಘಲರನ್ನು ದಾಟಿ ಪೇಶ್ವೆಗಳ ಹತ್ತಿರ ಬಂದಿದ್ದರು. ಉಳಿದದ್ದು ಸುಮಾರು ಅರ್ಧ ಜನ. ಪರದೆಯ ಹಿಂದೆ ಒಲೆ ಹತ್ತಿತು. ತುಪ್ಪ ಕಾಯಿತು. ಮೋನಪ್ಪ ಶಾಲನ್ನು ಸೊಂಟಕ್ಕೆ ಸುತ್ತಿ, ಒಂದು ಹಿಡಿ ಸಾಸಿವೆ ಎಸೆದ.

ಚಟಪಟ.

“ಪೇಶ್ವೆಗಳ ಕಾಲದಲ್ಲಿ ಧಾನ್ಯದ…” ಎಂದವರು ಹಾಗೆಯೇ ನಿಂತರು. ಕರಿಬೇವು ಚುರ್ರೆಂದಿತು. ಪರಿಮಳ ಪರದೆಯ ಅಡಿಯಿಂದ ನುಸುಳಿ, ವೇದಿಕೆ ಹತ್ತಿ, ನೇರವಾಗಿ ಮೈಕಿನ ಹತ್ತಿರ ಹೋಯಿತು. “ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ,” ಎಂದು ಅತಿಥಿಗಳು ತಮ್ಮ ಕಾಗದವನ್ನು ಮಡಚಿದರು. ಬಾಗಿಲಲ್ಲಿ ಚಪ್ಪಲಿ ಹಾಕಿದ್ದವರು ಚಪ್ಪಲಿ ಬಿಟ್ಟರು.

ತಟ್ಟೆ ಹಿಡಿದು ಮೊದಲು ಬಂದವರು ಬಸವಂತರಾಯರು. ಒಂದು ಚಮಚ ತಿಂದು ಕಣ್ಣು ಮುಚ್ಚಿದರು. ಮತ್ತೆ ತೆರೆದು ತಟ್ಟೆಯನ್ನು ದಿಟ್ಟಿಸಿದರು.

“ಮೋನಪ್ಪನವ್ರ, ಹೋಟೆಲ್ ಮುಚ್ಚಿ ಐದು ದಿನಾ ಆತು. ಗೋಡಂಬಿ ಗರಿಗರಿ ಐತಿ, ರವಾ ಹೊಸಾದು, ಕರಿಬೇವು ಈಗಷ್ಟ ಕಿತ್ತಂಗ ಐತಿ. ಇದು ಮುಚ್ಚಿದ ಹೋಟೆಲಿನ ಉಪ್ಪಿಟ್ಟು ಅಲ್ರೀ.”

ಮೋನಪ್ಪ ಸೌಟು ಕೆಳಗಿಟ್ಟ. “ಅಲ್ಲ,” ಎಂದ. “ಹೋಟೆಲು ಮುಚ್ಚಲಿಲ್ಲ ರಾಯರೇ. ಗ್ರೈಂಡರ್ ಕೆಟ್ಟಿತ್ತು, ಅಷ್ಟೇ. ನೀವು ಶಾಲು ಅಂದ್ರಿ. ನಂಗೆ ಬಾಯಿ ಬರ್ಲಿಲ್ಲ. ಮೂವತ್ತು ವರ್ಷ ಇಲ್ಲಿ ನಿಂತು ನೋಡಿದ್ದೇನೆ, ಒಂದು ಸಲ ಆ ಕಡೆ ಕೂತ್ಕೊಳ್ಳುವ ಅಂತ ಆಸೆ ಆಯ್ತು. ತಪ್ಪಾಯ್ತು. ನಿಮ್ಮ ಶಾಲು ತಕೊಳ್ಳಿ. ನಂಗೆ ಗಲ್ಲಾ ಸಾಕು.” ಸೊಂಟದಿಂದ ಶಾಲು ಬಿಚ್ಚಿ ಮಡಚಿ ಚಾಚಿದ. ಜರತಾರಿ ಅಂಚಿಗೆ ಅರಿಶಿನ ಮೆತ್ತಿತ್ತು.

ಬಸವಂತರಾಯರು ಶಾಲನ್ನು ಮುಟ್ಟಲಿಲ್ಲ. ತಟ್ಟೆ ಖಾಲಿ ಮಾಡಿದರು. ಎರಡನೆಯ ಸಲ ಹಾಕಿಸಿಕೊಂಡ ಮೇಲೆ ಗಂಟಲು ಸರಿ ಮಾಡಿಕೊಂಡರು.

“ಮೂವತ್ತು ವರ್ಷ ನಿಮ್ಮನ್ನ ಪರದೆ ಹಿಂದ ನಿಲ್ಲಿಸಿದ್ದು ನಮ್ಮ ತಪ್ಪು. ಅದಕ್ಕ ಶಾಲು ನಿಮ್ಮದೇ. ಆದ್ರ ಒಂದು ಅಡಚಣಿ ಅದ ನೋಡ್ರಿ. ಹೋಟೆಲ್ ಸಂತೃಪ್ತಿ ಮುಚ್ಚೇತಿ ಅಂತ ನಾನು ಮೈಕಿನ್ಯಾಗ ಹೇಳೀನಿ, ಸನ್ಮಾನ ಪತ್ರದಾಗ ಅಚ್ಚು ಹಾಕಿಸೀನಿ, ಫ್ರೇಮ್ ಸುದ್ದಾ ಆಗ್ಯದ. ಬಳಗದ ಸನ್ಮಾನ ಸುಳ್ಳು ಆಗಬಾರದ್ರಿ. ಹಂಗಾಗಿ ಸಂತೃಪ್ತಿ ಮುಚ್ಚೇತಿ. ಅದು ಮುಚ್ಚಿದ್ದು ಮುಚ್ಚಿದ್ದೇ.”

“ಹಾಗಾದ್ರೆ ನಾನು ನಾಳೆ ಎಂತ ಮಾಡುವುದು?”

“ಹೊಸಾದು ತೆರೀರಿ.”

“ಎಲ್ಲಿ?”

“ಅಲ್ಲೇ.”

ಸೀನ ಬಸವಂತರಾಯರ ಪಕ್ಕದಲ್ಲೇ ನಿಂತು, ಅವರದೇ ದನಿಯಲ್ಲಿ, “ಉದ್ಘಾಟನೆಗೆ ನಾನ ಬರ್ತೀನ್ರಿ,” ಎಂದ. ಬಸವಂತರಾಯರು ಅದನ್ನು ತಾವೇ ಹೇಳಿದ್ದೆಂದು ತಿಳಿದು ತಲೆಯಾಡಿಸಿದರು.

ಸೋಮವಾರ ಬೆಳಿಗ್ಗೆ ಏಳಕ್ಕೆ ಸೀನ ಏಣಿ ಹತ್ತಿ, ಬೋರ್ಡಿನಲ್ಲಿ ‘ಹೋಟೆಲ್’ ಮತ್ತು ‘ಸಂತೃಪ್ತಿ’ಯ ನಡುವಿನ ಇಕ್ಕಟ್ಟಿನಲ್ಲಿ ಕೆಂಪು ಬಣ್ಣದಿಂದ ‘ನ್ಯೂ’ ಎಂದು ತುರುಕಿದ. ಈ ಸಲ ಜಾಗ ಸಾಕಾಯಿತು. ಬಸವಂತರಾಯರು ರಿಬ್ಬನ್ ಕತ್ತರಿಸಿ, ಹೊಸ ಮಾಲೀಕ ಮೋನಪ್ಪನವರಿಗೆ ಶುಭ ಕೋರಿದರು. ಯಕ್ಷಿತಾ ಮ್ಯಾಪಿನಲ್ಲಿ ‘ನ್ಯೂಲಿ ಓಪನ್ಡ್’ ಎಂದು ಹಾಕಿದಳು. ಹೊಸದು ಎಂದ ಮೇಲೆ ನೋಡದೆ ಇರುವುದು ಮುಂಬಯಿಯವರಿಗೆ ಆಗದ ಮಾತು. ಎಂಟೂವರೆಗೆ ಒಂದು ಟೇಬಲ್ಲಿಗೆ ಐದು ಜನ ಕೂತಿದ್ದರು. ಗ್ರೈಂಡರು ಯೋಚನೆ ಬಿಟ್ಟು ತಿರುಗುತ್ತಿತ್ತು. ಮುಚ್ಚಿದ್ದ ಝೆರಾಕ್ಸ್‌ನವನು ದೋಸೆ ತಿನ್ನುತ್ತ ಆ ಕೆಂಪು ಅಕ್ಷರವನ್ನು ಬಹಳ ಹೊತ್ತು ನೋಡಿ, ಬಣ್ಣದ ಡಬ್ಬಿ ಉಳಿದಿದೆಯೇ ಎಂದು ಸೀನನನ್ನು ವಿಚಾರಿಸಿದ.

ಮೋನಪ್ಪ ಗಲ್ಲಾದಲ್ಲಿ ಕೂತಿದ್ದ. ಅರಿಶಿನದ ಕಲೆಯ ಶಾಲು ಕುರ್ಚಿಯ ಬೆನ್ನಿಗಿತ್ತು. ಎದುರಿನ ಟೇಬಲ್ಲಿನಲ್ಲಿ ಗಂಗುಬಾಯಿ, ಉದ್ಘಾಟನೆಯ ದಿನವೆಂದು ಅರ್ಧ ಚಹಾದ ಬದಲು ಇಡ್ಲಿ ಸಾಂಬಾರು ತೆಗೆದುಕೊಂಡು, ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದಳು.

“ಎಂತ ಗಂಗುಬಾಯಿ, ಸರಿ ಆಗ್ಲಿಲ್ವಾ?”

“ಛಲೋ ಐತಿ ಖರೆ. ಆದ್ರ ಹಳೇ ಹೋಟ್ಲದ ರುಚಿ ಬರಂಗಿಲ್ಲ ಬಿಡಪ. ಅಂವಾ ಮಾಲಕ ಕೈ ಬಿಚ್ಚಿ ಹಾಕ್ತಿದ್ದ.”

“ಆ ಮಾಲಕ ನಾನೇ ಅಲ್ವಾ ಮಾರಾಯ್ತಿ?”

“ಹೌದಪ, ಗೊತ್ತೈತಿ. ಅದಕ್ಕ ಹೇಳಾಕತ್ತೀನಿ. ಅವನಷ್ಟು ಛಲೋ ಮನಶಾ ನೀ ಅಲ್ಲ.”

ಗಲ್ಲಿಯಲ್ಲಿ ಎಲ್ಲರೂ ಮುಚ್ಚಿಹೋದರು, ಇನ್ನು ತನಗೆ ಪೈಪೋಟಿಯೇ ಇಲ್ಲ ಎಂದುಕೊಂಡಿದ್ದ ಮೋನಪ್ಪ. ಅಡುಗೆಕೋಣೆಯ ಕಡೆ ತಿರುಗಿ ಕೂಗಿದ:

“ಸೀನಾ, ಸಾಂಬಾರಿಗೆ ಇನ್ನೊಂದು ಸಲ ಒಗ್ಗರಣೆ ಹಾಕು. ಆ ಹಳೆಯವನಿಗಿಂತ ನಾವು ಕಮ್ಮಿ ಆಗ್ಲಿಕ್ಕಿಲ್ಲ.”